ಕೊಕ್ಕೆ ಹೋಯಿತು, ಮಾತು ಉಳಿಯಿತು

ಫೋನಿನಲ್ಲಿ ಮಾತು ಮುಗಿಸುವುದಕ್ಕೆ ಇಂಗ್ಲಿಷಿನವರು ‘ಹ್ಯಾಂಗ್ ಅಪ್’ ಅನ್ನುತ್ತಾರೆ. ನೇತುಹಾಕುವುದು ಏನನ್ನು? ಹಳೆಯ ಗೋಡೆ ಫೋನಿನ ಪಕ್ಕದಲ್ಲೊಂದು ಕೊಕ್ಕೆ ಇರುತ್ತಿತ್ತು. ಕಿವಿಗೆ ಹಿಡಿದ ರಿಸೀವರನ್ನು ಅದಕ್ಕೆ ತಗುಲಿಹಾಕಿದರೆ ಭಾರಕ್ಕೆ ಕೊಕ್ಕೆ ಕೆಳಗಿಳಿದು ಸಂಪರ್ಕ ಕಡಿಯುತ್ತಿತ್ತು. ಆಮೇಲೆ ಮೇಜಿನ ಫೋನ್ ಬಂತು, ಕೊಕ್ಕೆ ಹೋಯಿತು. ಮಾತು ಮಾತ್ರ ಇನ್ನೂ ನೇತಾಡುತ್ತಿದೆ.

ನಗಬೇಡಿ, ನಾವೇನು ಕಮ್ಮಿ? ನಮ್ಮತ್ತೆ ಮೊಬೈಲಿನಲ್ಲೂ ‘ಇಡ್ಲಾ ಹಾಗಾದ್ರೆ?’ ಅಂತಲೇ ಕೇಳುವುದು. ಕೇಳಿದ ಮೇಲೆ ಪಕ್ಕದ ಮನೆ ಸೀಮಂತದಿಂದ ಶುರುಮಾಡಿ ಇನ್ನರ್ಧ ಗಂಟೆ. ಕೊನೆಗೂ ಇಡುವುದಿಲ್ಲ, ಕೆಂಪು ಗುಂಡಿ ಒತ್ತಲು ಮರೆತು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆ ಮುಂದೆ ಹೋಗುತ್ತಾರೆ. ಮೊನ್ನೆ ನನ್ನ ಬಗ್ಗೆ ಅವರ ಅಭಿಪ್ರಾಯ ಪೂರ್ತಿ ಕೇಳಿಸಿತು, ಒಗ್ಗರಣೆಯ ಚಟಪಟ ಸಮೇತ.