ಹೆಸರು ಜಂಗಮ, ಇರೋದು ಸ್ಥಾವರ

ಗಾಡಿ ಹಾಳಾಗೋದು ಓಡಿಸಿದ್ದಕ್ಕಲ್ಲ, ನಿಲ್ಲಿಸಿದ್ದಕ್ಕೆ. ಇದು ನಮ್ಮ ಬೇಲಿಯಾಚೆಯ ಗೌಡರ ಸಿದ್ಧಾಂತ. ಬೇಲಿ ಅಂದರೆ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಹೊರವಲಯದಲ್ಲಿ ನನ್ನ ಮಗನ ಮನೆಯ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಇರುವ, ಎದೆಮಟ್ಟದ ಮರದ ಬೇಲಿ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನನ್ನಂಥ ನಿವೃತ್ತ ಮೇಷ್ಟ್ರಿಗೆ ಕನ್ನಡದಲ್ಲಿ ಮಾತಾಡಲು ಸಿಗುವ ಗಂಡಸು ಈ ಬೀದಿಯಲ್ಲಿ ಅವರೊಬ್ಬರೇ. ಚನ್ನರಾಯಪಟ್ಟಣದ ಕಡೆಯವರು. ಕಾರು ಕಂಪನಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತಿಯಾದವರು. ನಿವೃತ್ತಿಯಾಗಿದ್ದು ಸಂಬಳದಿಂದ ಮಾತ್ರ, ಪಾನಾ ಇನ್ನೂ ಕೈಬಿಟ್ಟಿಲ್ಲ. ಪಕ್ಕದ ಅಂಗಳದಲ್ಲಿ ನಿಂತಿರುವ ಅವರ ಹಳೇ ಮೋಟಾರ್‌ಹೋಮ್ ಕೈಬಿಡಲು ಬಿಟ್ಟೂ ಇಲ್ಲ.

ಮೋಟಾರ್‌ಹೋಮ್ ಅಂದರೆ ಅತ್ತ ಎಂಜಿನ್ನೂ ಇತ್ತ ಒಲೆಯೂ ಇರುವ ಗಾಡಿ. ಮಂಚ, ಅಡಿಗೆಕಟ್ಟೆ, ಫ್ರಿಜ್ಜು, ಬಚ್ಚಲು, ಪಾಯಿಖಾನೆ, ಎಲ್ಲ ಅದರೊಳಗೇ. ಮನೆಗೆ ಬರುವ ಕಾಯಿಲೆಗಳೂ ಬರುತ್ತವೆ, ಲಾರಿಗೆ ಬರುವ ಕಾಯಿಲೆಗಳೂ ಬರುತ್ತವೆ. ಪ್ಲಂಬರ್ ಬಂದರೆ ಎಂಜಿನ್ ಮುಟ್ಟುವುದಿಲ್ಲ, ಮೆಕ್ಯಾನಿಕ್ ಬಂದರೆ ನಲ್ಲಿ ಮುಟ್ಟುವುದಿಲ್ಲ. ಹಾಗಾಗಿ ಒಡೆಯನೇ ಎಲ್ಲವನ್ನೂ ಕಲಿಯಬೇಕು.

ಗೌಡರದು ಜಿಎಂಸಿ ಕಂಪನಿಯದು, 1976ರ ಮಾಡೆಲ್, 26 ಅಡಿ ಉದ್ದ. ಇಲ್ಲೇ ಹತ್ತಿರದ ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ್ದು. 1973ರಿಂದ 1978ರವರೆಗೆ ಹದಿಮೂರು ಸಾವಿರಕ್ಕೆ ತುಸು ಕಡಿಮೆ ಗಾಡಿ ಮಾಡಿ ಕಂಪನಿ ಕೈತೊಳೆದುಕೊಂಡಿತು. ಆ ಕಾಲದ ಬೇರೆ ಮೋಟಾರ್‌ಹೋಮ್‌ಗಳಲ್ಲಿ ಹೆಚ್ಚಿನವು ಲಾರಿ ಷಾಸಿ ಮೇಲೆ ಮನೆಯ ಪೆಟ್ಟಿಗೆ ಕೂರಿಸಿದಂಥವು. ಇದಕ್ಕೆ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ಎಂಜಿನ್ನು: 455 ಘನ ಇಂಚಿನದು, ನಮ್ಮ ಲೆಕ್ಕದಲ್ಲಿ ಏಳೂವರೆ ಲೀಟರು. ಆ ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಶಕ್ತಿ ದಾಟಿಸುವುದು ಅಗಲವಾದ ಒಂದು ಸರಪಳಿ. ಆರು ಚಕ್ರಗಳಲ್ಲಿ ಎಂಜಿನ್ನು ತಿರುಗಿಸುವುದು ಮುಂದಿನ ಎರಡನ್ನು ಮಾತ್ರ. ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟು ಇಲ್ಲ, ಹಾಗಾಗಿ ನೆಲ ತಗ್ಗಿನಲ್ಲಿದೆ. ಗೌಡತಿಯವರು ಇಡೀ ಗಾಡಿಯಲ್ಲಿ ಮೆಚ್ಚಿದ ಅಂಶ ಇದೊಂದೇ. "ಮಂಡಿ ನೋವಿರೋರೂ ಹತ್ತಬಹುದು ಮೇಷ್ಟ್ರೇ. ಹತ್ತಿದ ಮೇಲೆ ಹೊರಡುತ್ತೋ ಇಲ್ವೋ, ಅದು ಬೇರೆ ಮಾತು."

ಗಾಡಿ ಮಾರುಕಟ್ಟೆಗೆ ಬಂದ ಮುಹೂರ್ತವೂ ಹೇಳುವಂಥದ್ದೇ. 1973ರಲ್ಲಿ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಇದೋ ಲೀಟರಿಗೆ ಮೂರೂವರೆ, ಮನಸ್ಸು ಬಂದರೆ ನಾಲ್ಕು ಕಿಲೋಮೀಟರು ಕೊಡುವ ಗಾಡಿ. ಟ್ಯಾಂಕಿಗೆ ಹಿಡಿಸುವುದು 50 ಗ್ಯಾಲನ್, ಸುಮಾರು 190 ಲೀಟರು. "ನಮ್ಮೂರಲ್ಲಿ ಒಂದು ಲೂನಾ ಇದರಷ್ಟು ಪೆಟ್ರೋಲಲ್ಲಿ ವರ್ಷ ಓಡುತ್ತೆ" ಅಂದೆ. ಗೌಡರು ಆ ಮಾತು ಕೇಳಿಸಲೇ ಇಲ್ಲ ಅನ್ನುವ ಹಾಗೆ ಬಗ್ಗಿ ಟೈರು ನೋಡತೊಡಗಿದರು.

ಹಿಂದುಗಡೆ ಗೌಡರು ತಾವೇ ಬಿಳಿ ಬಣ್ಣದಲ್ಲಿ ಕನ್ನಡ ಅಕ್ಷರದಲ್ಲಿ ಜಂಗಮ ಎಂದು ಬರೆದಿದ್ದಾರೆ. "ಹೆಸರು ಜಂಗಮ, ಇರೋದು ಸ್ಥಾವರ" ಎಂದು ಗೌಡತಿಯವರು ಬಂದವರಿಗೆಲ್ಲ ಹೇಳುತ್ತಾರೆ. ನಗೆಯ ಮಾತಾದರೂ ಗೌಡರ ಸಿದ್ಧಾಂತ ಅದರಲ್ಲೇ ಅಡಗಿದೆ. ಇದನ್ನು ಅವರಿಗೆ ಮಾರಿದವರು ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಲ್ಲಿಸಿಟ್ಟು, "ಓಡಿಸೇ ಇಲ್ಲ, ಹೊಸದರ ಹಾಗಿದೆ" ಎಂದು ಹೊಗಳಿ ಮಾರಿದ್ದರಂತೆ. "ಓಡಿಸೇ ಇಲ್ಲ ಅಂದ ಕೂಡಲೇ ನಾನು ಬೆಲೆ ಇಳಿಸಿದೆ ಮೇಷ್ಟ್ರೇ. ಅದು ಹೊಗಳಿಕೆ ಅಲ್ಲ, ರೋಗದ ಹೆಸರು."

"ಟೈರಿನ ಪಟ್ಟೆ ಇನ್ನೂ ಸವೆದೇ ಇಲ್ವಲ್ಲ" ಎಂದೆ. ಗೌಡರು ನನ್ನನ್ನು ಬೇಲಿಯ ಬಾಗಿಲಿನಿಂದ ಒಳಗೆ ಕರೆದು ಕುಕ್ಕರಗಾಲಲ್ಲಿ ಕೂರಿಸಿದರು. ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳು, ಮುಂದೆ ಏನೇನೋ ಸಂಕೇತ, ಕೊನೆಗೆ ನಾಲ್ಕು ಅಂಕಿ. 2314 ಅಂತಿತ್ತು. "ಓದಿ. ಇಪ್ಪತ್ತಮೂರನೇ ವಾರ, 2014ನೇ ಇಸವಿ. ಟೈರಿನ ಜಾತಕ ಇದು. ಪಟ್ಟೆ ಸವೆದಿದೆಯೋ ಇಲ್ವೋ ನೋಡ್ಬೇಡಿ, ವಯಸ್ಸು ನೋಡಿ." ಬೆರಳಿನಿಂದ ಒತ್ತಿ ಅಗಲಿಸಿದಾಗ ರಬ್ಬರಿನಲ್ಲಿ ಕೂದಲೆಳೆ ಬಿರುಕುಗಳು ಕಾಣಿಸಿದವು. ಓಡುವ ಟೈರಿನಲ್ಲಿ ರಬ್ಬರು ಬಾಗಿ ನೆಟ್ಟಗಾಗಿ ಒಳಗಿನ ಎಣ್ಣೆ-ಮೇಣ ಮೇಲಕ್ಕೆ ಬಂದು ಕಾಪಾಡುತ್ತದೆ. ನಿಂತ ಟೈರಿಗೆ ಆ ಭಾಗ್ಯವಿಲ್ಲ, ಬಿಸಿಲು ಬೇರೆ ಬಡಿಯುತ್ತದೆ. ಆರೇಳು ವರ್ಷವಾದ ಮೇಲೆ ಆರೂ ಟೈರನ್ನು ಬದಲಾಯಿಸಿಬಿಡಬೇಕು ಎನ್ನುವುದು ಗೌಡರ ನಿಯಮ. ಹೆದ್ದಾರಿಯಲ್ಲಿ ಹಿಂದಿನ ಟೈರು ಸಿಡಿದರೆ ಅದರ ಚೂರು ಚಕ್ರದ ಗೂಡನ್ನೇ ಕಿತ್ತು, ಮೇಲಿರುವ ನೀರಿನ ಪೈಪು, ವೈರು ಎಲ್ಲವನ್ನೂ ಎಳೆದುಕೊಂಡು ಹೋಗುತ್ತದಂತೆ.

ರಬ್ಬರಿನ ಪುರಾಣ ಅಲ್ಲಿಗೆ ಮುಗಿಯಲಿಲ್ಲ. ಬಿಚ್ಚಿ ಎಸೆದಿದ್ದ ಹಳೇ ಪೆಟ್ರೋಲ್ ಹೋಸಿನ ತುಂಡೊಂದನ್ನು ತಂದು ನನ್ನ ಕೈಗಿತ್ತು ಬಗ್ಗಿಸಿ ಅಂದರು. ಬಗ್ಗಿಸಿದೆ. ಹಪ್ಪಳದ ಹಾಗೆ ಲಟಕ್ಕನೆ ಮುರಿಯಿತು. 1976ರಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಿರಲಿಲ್ಲ, ಈಗ ಇಲ್ಲಿ ಸಾಮಾನ್ಯವಾಗಿ ಹತ್ತನೇ ಒಂದು ಪಾಲು ಬೆರೆಸುತ್ತಾರೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೇ ಕಾಲದ ರಬ್ಬರನ್ನು ತಿನ್ನುತ್ತದೆ. ಈ ಗಾಡಿಯ ಎಂಜಿನ್ನು ಇರುವುದೋ ಮುಂದೆ, ಕೂರುವವರ ಪಕ್ಕದಲ್ಲೇ, ಒಂದು ಮುಚ್ಚಳದ ಕೆಳಗೆ. ಅಲ್ಲಿ ಪೆಟ್ರೋಲು ಸೋರಿದರೆ ಮನೆಗೂ ಗಾಡಿಗೂ ಒಟ್ಟಿಗೇ ಬೆಂಕಿ. "ಹಳೇ ಮೋಟಾರ್‌ಹೋಮ್ ತಗೊಂಡೋರು ಮೊದಲು ಪರದೆ ಬದಲಾಯಿಸ್ತಾರೆ, ಸೋಫಾ ಬಟ್ಟೆ ಬದಲಾಯಿಸ್ತಾರೆ. ನಾನು ಮೊದಲು ಟ್ಯಾಂಕಿಂದ ಕಾರ್ಬುರೇಟರ್‌ವರೆಗೆ ಇರೋ ಅಷ್ಟೂ ಹೋಸು ಕಿತ್ತೆಸೆದೆ. ಆಮೇಲೆ ಬ್ರೇಕಿನ ಹೋಸು. ಆಮೇಲೆ ಬೆಂಕಿ ಆರಿಸೋ ಸಿಲಿಂಡರು, ಒಂದು ಮುಂದೆ, ಒಂದು ಬಾಗಿಲ ಹತ್ರ."

"ಪರದೆ?" ಎಂದೆ.

"ಅದು ಇನ್ನೂ 1976ರದ್ದೇ" ಎಂದು ಒಳಗಿನಿಂದ ಗೌಡತಿಯವರ ದನಿ ಬಂತು.

ಎಂಜಿನ್ನಿಗಿಂತ ಗೌಡರು ಹೆದರುವುದು ನೀರಿಗೆ. ಎಂಜಿನ್ನು ಕೆಟ್ಟರೆ ಸದ್ದು ಮಾಡುತ್ತದೆ, ಹೊಗೆ ಬಿಡುತ್ತದೆ, ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಸೋರುವ ನೀರು ಯಾರಿಗೂ ಹೇಳದೆ ತನ್ನ ಕೆಲಸ ಮಾಡುತ್ತಿರುತ್ತದೆ. ಮಾಡಿನ ಮೇಲೆ ಏಸಿ ಪೆಟ್ಟಿಗೆ, ಗಾಳಿಕಿಂಡಿ, ಪೈಪು, ಅಂಚಿನ ಪುಟ್ಟ ದೀಪಗಳು ಇರುತ್ತವೆ. ಒಂದೊಂದಕ್ಕೂ ಒಂದೊಂದು ತೂತು. ತೂತಿಗೆ ಹಚ್ಚಿದ ಸೀಲಂಟು ಬಿಸಿಲಿಗೆ ಒಣಗಿ ಬಿರಿಯುತ್ತದೆ. ನೀರು ಒಳಗೆ ಬಂದ ಜಾಗದಲ್ಲೇ ತೊಟ್ಟಿಕ್ಕಿದ್ದರೆ ಅದು ಒಳ್ಳೆಯ ನೀರು. ಆದರೆ ಮುಂದುಗಡೆ ಹೊಕ್ಕದ್ದು ಚೌಕಟ್ಟು ಹಿಡಿದು ಹರಿದು ಹಿಂದಿನ ಹಾಸಿಗೆಯ ಮೂಲೆಯಲ್ಲಿ ತಲೆ ತೋರಿಸುತ್ತದೆ. ತೋರಿಸುವ ಹೊತ್ತಿಗೆ ದಾರಿಯುದ್ದಕ್ಕೂ ಇದ್ದದ್ದೆಲ್ಲ ಕೊಳೆತಿರುತ್ತದೆ. ಮರದ ರೀಪಿನ ಚೌಕಟ್ಟಿರುವ ಗಾಡಿಗಳಲ್ಲಿ ಹೊರಗೆ ಬಣ್ಣ ಥಳಥಳಿಸುತ್ತ ಒಳಗೆ ಗೋಡೆಯೇ ಇರುವುದಿಲ್ಲ. ಜಿಎಂಸಿಯ ಪುಣ್ಯ, ಇದರ ಮೈಯ ಚೌಕಟ್ಟು ಅಲ್ಯೂಮಿನಿಯಂ, ಹೊದಿಕೆ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸು. ಅದು ಕೊಳೆಯುವುದಿಲ್ಲ. ನೆಲದ ಪ್ಲೈವುಡ್ಡು ಮಾತ್ರ ಕೊಳೆಯುತ್ತದೆ.

ನೆಲ ಪರೀಕ್ಷಿಸುವ ಬಗೆಯನ್ನು ಗೌಡರು ತೋರಿಸಿದರು. ಚಪ್ಪಲಿ ಬಿಟ್ಟು, ಹಿಮ್ಮಡಿಯೂರಿ, ಗೋಡೆಯ ಅಂಚಿಗೇ ಒಂದೊಂದು ಹೆಜ್ಜೆ. ಕಿಟಕಿ ಕೆಳಗೆ, ಬಾಗಿಲ ಪಕ್ಕ, ಸಿಂಕಿನ ಹತ್ತಿರ ತುಸು ನಿಂತು ಮೈಭಾರ ಬಿಡಬೇಕು. ಮೆತ್ತಗೆ ಕುಸಿದಂತೆ ಅನಿಸಿದರೆ ಸ್ಕ್ರೂಡ್ರೈವರ್ ಚುಚ್ಚಬೇಕು. ಸಲೀಸಾಗಿ ಇಳಿದರೆ ಆ ಭಾಗ ಕತ್ತರಿಸಿ ಹೊಸ ಹಲಗೆ. ಸೋರುವುದನ್ನು ನಿಲ್ಲಿಸದೆ ಹಲಗೆ ಹಾಕಿದರೆ ಹೊಸ ಹಲಗೆಯನ್ನೂ ನೀರಿಗೆ ಉಣಬಡಿಸಿದಂತಾಯಿತು. "ಸಿಲಿಕೋನ್ ಬಳಿದುಬಿಟ್ರೆ ಆಗಲ್ವಾ?" ಎಂದು ಕೇಳಿದೆ. ಗೌಡರ ಮುಖ ಕೆಂಪಾಯಿತು. ಹಿಂದಿನ ಒಡೆಯರು ಅದನ್ನೇ ಮಾಡಿದ್ದರಂತೆ. ಹಳೇ ಸಿಲಿಕೋನಿನ ಮೇಲೆ ಬೇರೆ ಯಾವುದೂ ಅಂಟುವುದಿಲ್ಲ, ಸಿಲಿಕೋನೂ ಸರಿಯಾಗಿ ಅಂಟುವುದಿಲ್ಲ. ಒಂದು ಗಾಳಿಕಿಂಡಿಯ ಸುತ್ತಲಿನದನ್ನು ಪ್ಲಾಸ್ಟಿಕ್ ಚಾಕುವಿನಲ್ಲಿ ಹೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಕೆಳಗೆ ಬ್ಯೂಟೈಲ್ ಟೇಪು ಹಾಸಿ, ಸ್ಕ್ರೂ ಬಿಗಿದು, ಮೇಲೆ ತಾನೇ ಹರಡಿಕೊಳ್ಳುವ ಸೀಲಂಟು ಸುರಿಯುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ಮಾಡಿನ ಮೇಲೆ ಅಂಥವೆಷ್ಟೋ. ವರ್ಷಕ್ಕೆರಡು ಸಲ, ಚಳಿಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಏಣಿ ಹತ್ತಿ ಎಲ್ಲವನ್ನೂ ಬೆರಳು ಸವರಿ ನೋಡಲೇಬೇಕು.

ಒಳಗೆ ನನಗೆ ತೀರಾ ಸೋಜಿಗವೆನಿಸಿದ್ದು ಫ್ರಿಜ್ಜು. ಗ್ಯಾಸಿನ ಉರಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ ಅದು. ಕಂಪ್ರೆಸರ್ ಇಲ್ಲ, ಮೋಟಾರಿಲ್ಲ, ಗುರ್ ಎನ್ನುವುದಿಲ್ಲ. ಅಮೋನಿಯಾ ಬೆರೆಸಿದ ನೀರನ್ನು ಸಣ್ಣ ಉರಿ ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಹೈಡ್ರೋಜನ್ ಇರುವ ಕೊಳವೆಯಲ್ಲಿ ಮತ್ತೆ ಆರುವಾಗ ಪೆಟ್ಟಿಗೆಯ ಶಾಖ ಹೀರಿಕೊಂಡು, ಕೊನೆಗೆ ನೀರಿಗೇ ಸೇರುತ್ತದೆ. 1922ರಲ್ಲಿ ಸ್ವೀಡನ್ನಿನ ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ಉಪಾಯ. ಎಲ್ಲವೂ ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ ಗಾಡಿ ಸಮತಟ್ಟಾಗಿ ನಿಂತಿರಬೇಕು. ಓರೆಯಾಗಿ ನಿಲ್ಲಿಸಿ ಫ್ರಿಜ್ಜು ಹಚ್ಚಿದರೆ ದ್ರವ ಒಂದೆಡೆ ನಿಂತುಬಿಡುತ್ತದೆ, ಕಾಯುವ ಕೊಳವೆ ಒಣಗಿ ಸುಡುತ್ತದೆ, ಫ್ರಿಜ್ಜು ಶಾಶ್ವತವಾಗಿ ಸಾಯುತ್ತದೆ. ಅದಕ್ಕೇ ಗೌಡರು ಎಲ್ಲಿ ನಿಲ್ಲಿಸಿದರೂ ಮೊದಲು ನೆಲದ ಮೇಲೆ ಮಟ್ಟದ ಕೊಳವೆ ಇಟ್ಟು, ಹಿಂದಿನ ಚಕ್ರಗಳ ಗಾಳಿ ಚೀಲ ಏರಿಸಿ ಇಳಿಸಿ ಸರಿಮಾಡುತ್ತಾರೆ. ಗೌಡತಿಯವರು ಮಾತ್ರ ಆ ಫ್ರಿಜ್ಜಿನಲ್ಲಿ ಮೊಸರು ಇಡುವುದಿಲ್ಲ. "ಗಾಡಿ ಓರೆ ಆದ್ರೆ ಫ್ರಿಜ್ಜು ಕೆಡುತ್ತಂತೆ, ನೆಟ್ಟಗಿದ್ರೆ ಮೊಸರು ಹೆಪ್ಪುಗಟ್ಟುತ್ತೆ."

ಮಿಶಿಗನ್ನಿನ ಚಳಿ ಬಂದರೆ ಗಾಡಿ ನಿಲ್ಲಲೇಬೇಕು, ಸಿದ್ಧಾಂತಕ್ಕೆ ಅಲ್ಲಿ ರಜೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪೈಪಿನಲ್ಲಿ ಒಂದು ಲೋಟ ಉಳಿದರೂ ಸಾಕು, ಸೀಳುತ್ತದೆ. ಹಾಗಾಗಿ ಅಕ್ಟೋಬರಿನಲ್ಲಿ ಟ್ಯಾಂಕು, ಗೀಸರು ಬರಿದುಮಾಡಿ, ಗಾಳಿ ಊದಿ, ನಲ್ಲಿಗಳಲ್ಲೆಲ್ಲ ಗುಲಾಬಿ ಬಣ್ಣದ ದ್ರವ ಇಳಿಯುವವರೆಗೆ ಪಂಪು ಹೊಡೆಯುತ್ತಾರೆ. ಅದು ಪ್ರೊಪಿಲೀನ್ ಗ್ಲೈಕಾಲ್, ಕುಡಿಯುವ ನೀರಿನ ಪೈಪಿಗೆಂದೇ ಮಾಡಿದ್ದು. ಕಾರಿನ ರೇಡಿಯೇಟರಿಗೆ ಸುರಿಯುವ ಎಥಿಲೀನ್ ಗ್ಲೈಕಾಲ್ ವಿಷ, ಇದಕ್ಕೆ ಸೋಕಿಸಲೂ ಬಾರದು. ಆಮೇಲೆ ಇಲಿಗಳ ಸರದಿ. ಹೊರಗೆ ಹಿಮ, ಒಳಗೆ ಸೋಫಾದ ಸ್ಪಂಜು, ತಿನ್ನಲು ವೈರಿನ ಹೊದಿಕೆ: ಇಲಿಗೆ ಇದಕ್ಕಿಂತ ಒಳ್ಳೆಯ ಛತ್ರ ಎಲ್ಲಿ ಸಿಗಬೇಕು? ಹೆಬ್ಬೆರಳು ತೂರದ ಕಿಂಡಿಯಲ್ಲೂ ಅದು ತೂರುತ್ತದೆ. ಗೌಡರು ಪ್ರತಿ ಪೈಪಿನ ಸುತ್ತ ತುಕ್ಕು ಹಿಡಿಯದ ಲೋಹದ ನಾರು ತುರುಕಿದ್ದಾರೆ.

ಗಾಡಿಯ ಜನರೇಟರಿನದೂ ನಿಂತರೆ ಹಾಳಾಗುವ ಕತೆಯೇ. ತಿಂಗಳಿಗೊಮ್ಮೆ ಒಂದೆರಡು ಗಂಟೆ, ಅದೂ ಏಸಿಯನ್ನೋ ಹೀಟರನ್ನೋ ಹಚ್ಚಿ ಭಾರ ಕೊಟ್ಟು ಓಡಿಸಬೇಕು. ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲು ಒಣಗಿ ಅಂಟಾಗುತ್ತದೆ. ಚಾರ್ಜು ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ಹಲಗೆಗಳ ಮೇಲೆ ಗಟ್ಟಿ ಪದರು ಕಟ್ಟಿ ಮತ್ತೆ ಚಾರ್ಜು ಹಿಡಿಯುವುದಿಲ್ಲ. ಬ್ರೇಕ್ ಆಯಿಲು ನಿಂತಲ್ಲೇ ತೇವ ಕುಡಿಯುತ್ತದೆ. ಪಾಯಿಖಾನೆಯ ತೊಟ್ಟಿಯ ವಿಚಾರ ಬಂದಾಗ ಊಟದ ಹೊತ್ತಾಗಿತ್ತು, ನಾನೇ ತಡೆದೆ. ಆದರೂ ಗೌಡರು ಒಂದು ಸೂತ್ರ ಹೇಳಿಯೇ ಬಿಟ್ಟರು: "ಮೊದಲು ಕಪ್ಪು ತೊಟ್ಟಿ ಬಿಡಿ, ಆಮೇಲೆ ಬಚ್ಚಲ ನೀರಿನ ತೊಟ್ಟಿ. ಹಿಂದೆ ಬಂದದ್ದು ಮುಂದೆ ಹೋದದ್ದರ ಪೈಪನ್ನ ತೊಳೆಯುತ್ತೆ."

ಬಿಡಿಭಾಗ ಸಿಗುತ್ತವೆಯೇ ಎಂದರೆ, ಹೊಸ ಗಾಡಿಗಳಿಗಿಂತ ಸಲೀಸಾಗಿ ಸಿಗುತ್ತವಂತೆ. ಈ ಗಾಡಿಯ ಒಡೆಯರದೇ ಕೂಟಗಳಿವೆ, ಒಬ್ಬರ ಶೆಡ್ಡಿನಲ್ಲಿ ಸತ್ತ ಗಾಡಿ ಇನ್ನೊಬ್ಬರ ಅಂಗಳದಲ್ಲಿ ಜೀವ ಪಡೆಯುತ್ತದೆ. ಖರ್ಚು ಎಷ್ಟಾಗಿರಬಹುದು ಎಂಬ ಪ್ರಶ್ನೆಯನ್ನು ನಾನು ಗೌಡತಿಯವರು ಒಳಗಿರುವಾಗಲೇ ಮೆಲ್ಲಗೆ ಕೇಳಿದೆ. ಗೌಡರು ಅತ್ತಿತ್ತ ನೋಡಿ, "ಲೆಕ್ಕ ಬರೆದಿಟ್ಟಿಲ್ಲ ಮೇಷ್ಟ್ರೇ. ಬರೆದಿಟ್ರೆ ಯಾರಾದ್ರೂ ಓದ್ತಾರೆ" ಅಂದರು.

"ಸರಿ, ಟೈರು ಹೊಸದು ಬರುತ್ತೆ, ಹೋಸು ಹಾಕಾಯ್ತು, ಮಾಡು ಸೋರಲ್ಲ. ಇನ್ನು ಹೊರಡೋದು ಯಾವಾಗ?"

"ಹೊರಡೋದೇನು ಬಂತು, ಟೈರು ಬರ್ಲಿ, ಶನಿವಾರ ಬನ್ನಿ. ಇಲ್ಲೇ ಇಪ್ಪತ್ತು ಮೈಲಿ ಹೋಗಿ ಬರೋಣ. ಎಂಜಿನ್ ಬಿಸಿಯಾಗ್ಬೇಕು, ಗೇರ್‌ಬಾಕ್ಸಿನ ಆಯಿಲು ಓಡಾಡ್ಬೇಕು, ಬ್ರೇಕಿಗೆ ಕೆಲಸ ಕೊಡ್ಬೇಕು. ಇದಕ್ಕೆ ಓಡಿಸೋದೇ ರಿಪೇರಿ."

ಅಷ್ಟರಲ್ಲಿ ಗೌಡತಿಯವರು ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. "ರೀ, ಹೇಗೂ ಇಪ್ಪತ್ತು ಮೈಲಿ ಹೋಗ್ತಿದ್ದೀರಲ್ಲ, ಬರ್ತಾ ಒಂದು ಗ್ಯಾಲನ್ ಹಾಲೂ ಎರಡು ಕಟ್ಟು ಕೊತ್ತಂಬರಿ ಸೊಪ್ಪೂ ತನ್ನಿ. ಹಾಲನ್ನ ಮಾತ್ರ ಆ ಫ್ರಿಜ್ಜಲ್ಲಿ ಇಡ್ಬೇಡಿ, ಮೇಷ್ಟ್ರ ಕೈಗೆ ಕೊಡಿ."