ಡೋಲು ಹೋದ ದಾರಿ

ಸಾಲಗಾಮೆಯ ನಮ್ಮ ಹಿತ್ತಲ ಬೇಲಿ ಹತ್ತಿರ ನಿಂತರೆ ಸಾಕು, ಆಚೆಯಿಂದ ಮಾತು ತಾನಾಗಿ ಬರುತ್ತದೆ. ಆಚೆಮನೆ ಅಣ್ಣನದು ಓಲಗದ ಮನೆತನ. ನಿನ್ನೆ ಬೆಳಗ್ಗೆ ಹೀರೇಕಾಯಿ ಕೊಡಲು ಬಂದವರ ಮುಖ ಬಾಡಿತ್ತು.

"ಮೊಮ್ಮಗ ಡೋಲು ಮುಟ್ಟಲ್ಲ ಅಂತಾನೆ ಮೇಷ್ಟ್ರೇ. ಆರ್ಕೆಸ್ಟ್ರಾದೋರ ಹಂಗೆ ಡ್ರಮ್ ಸೆಟ್ ಬೇಕಂತೆ."

"ಕೊಡಿಸಿ ಅಣ್ಣ. ಕೊಡಿಸೋ ಮುಂಚೆ ರಮೇಶ್ ಶೋತಂ ಅವರ ಕತೆ ಹೇಳಿ," ಅಂದೆ.

"ಅವರ್ಯಾರು?"

"1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. ಅವರೂ ಮೊದಲು ಹಿಡಿದಿದ್ದು ಡ್ರಮ್ ಸೆಟ್ಟನ್ನೇ. ಸಹೋದರ ಸುರೇಶ್ ಜೊತೆ ಹ್ಯೂಮನ್ ಬಾಂಡೇಜ್ ಅನ್ನೋ ರಾಕ್ ತಂಡ ಕಟ್ಟಿ ನುಡಿಸಿದರು. ಆಮೇಲೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ ಬಂದು ತವಿಲು ಕಲಿತರು. ತವಿಲು ಅಂದರೆ ನಿಮ್ಮ ಡೋಲು. ಎಡಗೈಲಿ ಕೋಲು, ಬಲಗೈ ಬೆರಳಿಗೆ ಆ ಗಟ್ಟಿ ಟೋಪಿ, ಎಲ್ಲ ಅದೇ."

"ಡ್ರಮ್ ಬಿಟ್ಟು ಡೋಲಿಗೆ ಬಂದ್ರಾ!"

"ಬಿಡಲಿಲ್ಲ, ಕೂಡಿಸಿಕೊಂಡರು. ಘಟ, ಖಂಜಿರ, ಮೋರ್ಸಿಂಗೂ ಸೇರಿದವು. ಅಷ್ಟನ್ನೂ ಹೊತ್ತು ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿ ಜಾಝ್‌ನವರ ಜೊತೆ ನುಡಿಸಿದರು. ತಾವೇ ಕೃತಿಗಳನ್ನು ಕಟ್ಟಿದರು. ಅವರ ಒಂದು ತಂಡದ ಹೆಸರು ಮದ್ರಾಸ್ ಸ್ಪೆಷಲ್."

ಅಣ್ಣ ಬೇಲಿಯ ಗೂಟ ಹಿಡಿದುಕೊಂಡರು. "ನಮ್ಮ ಜಿಲ್ಲೇಲೇ ರುದ್ರಪಟ್ಟಣದೋರು ಹಾಡಿ ಹೆಸರು ಮಾಡಿದ್ರು. ಡೋಲಿನೋರನ್ನ ಯಾರು ಕೇಳ್ತಾರೆ ಮೇಷ್ಟ್ರೇ? ಮದುವೇಲಿ ಗಟ್ಟಿಮೇಳ ಆದ ಮೇಲೆ ನಮ್ಮ ಕಡೆ ತಿರುಗಿ ನೋಡೋರಿಲ್ಲ."

ಆ ಮಾತು ನನಗೆ ಚುಚ್ಚಿತು. ಬಾರಿಸುವವರ ಲೆಕ್ಕ ಎಷ್ಟು ದೊಡ್ಡದು ಅಂತ ಕೂತು ಕೇಳಿದವರು ನಮ್ಮಲ್ಲಿ ಕಡಿಮೆ. ಕೇಳಲಿ ಅಂತಲೇ ಟಿ.ಎ.ಎಸ್. ಮಣಿ 1964ರಲ್ಲಿ ಶೋತಂ ಕಲಿತ ಆ ಕಾಲೇಜು ಕಟ್ಟಿದ್ದು ಅಂದೆ. ಅವರ ಮೃದಂಗ, ಆರ್.ಎ. ರಮಾಮಣಿಯವರ ಹಾಡುಗಾರಿಕೆ, ಜೊತೆಗೆ ಘಟ, ಖಂಜಿರ. ಇವರೆಲ್ಲ ಬಾಸ್ಟನ್‌ನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಕೂತು ನುಡಿಸಿದ 'ಜ್ಯೋತಿ' ಆಲ್ಬಮ್ಮನ್ನು 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ಹೊರತಂದಿತು.

"ಆ ಮರಿಯಾನೊ ನಮ್ಮ ದೇಶಕ್ಕೆ ಬಂದು ನಾಗಸ್ವರ ಕಲಿತವರು ಅಣ್ಣ."

"ನಾಗಸ್ವರ ಇದ್ದ ಮೇಲೆ ಡೋಲು ಬೇಕಲ್ಲ!"

"ಅದೂ ಕೂಡಿ ಬಂತು. ಲೆಬನಾನಿನ ಊದ್ ವಾದಕ ರಬೀಹ್ ಅಬು ಖಲೀಲ್ ಅವರ 'ಬಿಟ್ವೀನ್ ಡಸ್ಕ್ ಅಂಡ್ ಡಾನ್' ಆಲ್ಬಮ್ಮಿನಲ್ಲಿ ಮರಿಯಾನೊ ಸ್ಯಾಕ್ಸೋಫೋನ್, ಶೋತಂ ತಾಳವಾದ್ಯ. ನಾಗಸ್ವರ ಕಲಿತವರೂ ತವಿಲು ಕಲಿತವರೂ ಒಂದೇ ಕಡೆ."

"ಜಾಝ್ ಅಂದ್ರೆ ಹೆಂಗಿರುತ್ತೆ?"

"ಒಂದು ಧಾಟಿ ಹಿಡಿದು, ಸರದಿ ಬಂದಾಗ ಒಬ್ಬೊಬ್ಬರೂ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸ್ತಾರೆ. ತನಿ ಅಂತ ತಾಳದವರಿಗೇ ಬಿಟ್ಟುಕೊಟ್ಟಾಗ ನೀವು ಮಾಡೋದೂ ಅದನ್ನೇ ಅಲ್ಲವಾ? ಅವರು ನಮ್ಮ 'ತಕದಿಮಿ'ಯ ಹಾಗೆ 4 ಎಣಿಸ್ತಿದ್ದರೆ ನಮ್ಮವರು ಅದರ ಮೇಲೆ 'ತಕತಕಿಟ' ಅಂತ 5 ಕೂರಿಸ್ತಾರೆ. ಎರಡೂ ಜಗಳವಾಡಿದ ಹಾಗೆ ಕೇಳುತ್ತೆ. 20 ಮಾತ್ರೆ ತುಂಬಿದಾಗ ಎರಡೂ ಒಟ್ಟಿಗೆ ಮುಗಿದು ಸಮದಲ್ಲಿ ಕೂಡ್ತವೆ."

ನನ್ನ ಮಾತು ಮುಗಿಯುವ ಮೊದಲೇ ಅಣ್ಣ ಎಡಗೈಯಲ್ಲಿ ಗೂಟದ ಮೇಲೆ ನಾಲ್ಕು, ಬಲಗೈ ಬೆರಳಲ್ಲಿ ಐದು ಹಿಡಿದಿದ್ದರು. ಬೆರಳು ಸಮಕ್ಕೆ ಬಂದು ನಿಂತಾಗ ಅವರ ಮುಖವೂ ತಿಳಿಯಾಗಿತ್ತು.

"ಇದು ನಮ್ಮಪ್ಪ ಹೇಳಿಕೊಟ್ಟ ಲೆಕ್ಕ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಡ್ರಮ್ ಸೆಟ್ ಕೊಡಿಸ್ತೀನಿ ಮೇಷ್ಟ್ರೇ. ಡೋಲಿನ ಪಕ್ಕದಲ್ಲೇ ಇಡಬೇಕು ಅಂತೀನಿ. ನಮ್ಮ ಮನೆ ಚಿಕ್ಕದು, ಅದೇ ಯೋಚನೆ."

"ನಮ್ಮ ಹಜಾರ ಖಾಲಿ ಇದೆ ಅಣ್ಣ. ಎರಡನ್ನೂ ಅಲ್ಲೇ ಇಡಿ. ಬೆಳಗ್ಗೆ ನೀವೂ ಮೊಮ್ಮಗನೂ ಒಟ್ಟಿಗೆ ಬನ್ನಿ," ಅಂದೆ.