ಅಡ್ಮಿನ್ ಯಜಮಾನರು

ಮನೆಯಲ್ಲಿ ಗಂಡಸಿನ ಮಾತು ಯಾರು ಕೇಳುತ್ತಾರೆ ಹೇಳಿ? ನಿಮ್ಮಲ್ಲೂ ಅಷ್ಟೇ ತಾನೆ? ಹಾಗಿರುವಾಗ ಗಾಳಿಯಲ್ಲೇ ಬರುವ ಇಂಟರ್ನೆಟ್ ಹಿಡಿಯಲು ತಾರಸಿಯ ಕಂಬಕ್ಕೆ ಬಿಳಿ ಡಬ್ಬ ಬಿಗಿದು, ಹಾಲ್‌ಗೆ ರೂಟರ್ ತಗುಲಿಸಿದ ಹುಡುಗ ನನ್ನ ಮೊಬೈಲಿಗೊಂದು ಆ್ಯಪ್ ಹಾಕಿ, 'ಸಾರ್, ಇನ್ಮೇಲೆ ನೀವೇ ಅಡ್ಮಿನ್' ಅಂದಾಗ ನಾನು ಎರಡಿಂಚು ಎತ್ತರವಾದೆ. ಮನೆಯ ಯಾವ ಫೋನು, ಯಾವ ಟಿ.ವಿ. ಎಷ್ಟು ಡೇಟಾ ನುಂಗುತ್ತಿದೆ ಎಂದು ಆಫೀಸಿನಲ್ಲಿ ಕೂತೇ ನೋಡಬಹುದಂತೆ. ಬೇಡವಾದದ್ದನ್ನು ಬ್ಲಾಕ್ ಮಾಡಬಹುದಂತೆ. ಬ್ಲಾಕ್! ಮದುವೆಯಾದಾಗಿನಿಂದ ಇಂಥ ಅಧಿಕಾರ ನನಗೆ ಯಾರು ಕೊಟ್ಟಿದ್ದರು?

ಮೊದಲ ಬಲಿ ಮಗ. ಪರೀಕ್ಷೆ ಹತ್ತಿರ ಬಂದರೂ ಗೇಮ್ ಬಿಟ್ಟಿರಲಿಲ್ಲ. ಕ್ಯಾಂಟೀನಿನಲ್ಲಿ ನಾಲ್ಕು ಜನರ ಎದುರಿಗೇ ಅವನ ಫೋನು ಬ್ಲಾಕ್ ಮಾಡಿದೆ. ಕಾಫಿ ಆರುವ ಮೊದಲೇ ಪಟ್ಟಿಯಲ್ಲಿ ಹೆಸರಿಲ್ಲದ ಇನ್ನೊಂದು ಫೋನು ಪ್ರತ್ಯಕ್ಷ. ಅದನ್ನೂ ಒತ್ತಿದೆ, ಮತ್ತೊಂದು ಹುಟ್ಟಿತು. ಥೇಟ್ ರಕ್ತಬೀಜಾಸುರ! ಸಂಜೆ ಮಗನೇ ಕರುಣೆಯಿಂದ ವಿವರಿಸಿದ: ಆಂಡ್ರಾಯ್ಡ್ 10 ಬಂದ ಮೇಲೆ ಫೋನುಗಳು ಸಾಮಾನ್ಯವಾಗಿ ರೂಟರಿಗೆ ತಮ್ಮ ನಿಜವಾದ ಗುರುತು, ಅಂದರೆ ಮ್ಯಾಕ್ ಅಡ್ರೆಸ್, ಕೊಡುವುದೇ ಇಲ್ಲ, ಸೆಟ್ಟಿಂಗ್ ಬಲ್ಲವನು ಪ್ರತಿ ಸಲವೂ ಹೊಸದೊಂದು ಹುಟ್ಟಿಸಿಕೊಳ್ಳಬಹುದು. 'ಅಪ್ಪಾ, ನಿಮ್ಗೂ ಹಾಕಿಕೊಡ್ಲಾ?' ಅಂದ.

ಆಮೇಲೆ ಇ.ಎಸ್.ಪಿ. ಅಂತ ಶುರುವಾಗುವ ವಿಚಿತ್ರ ಹೆಸರೊಂದು ಕಣ್ಣಿಗೆ ಬಿತ್ತು. ಪಕ್ಕದ ಮನೆಯವರ ಕಳ್ಳತನವೇ ಸರಿ ಎಂದು ಬೆಳಿಗ್ಗೆ ಬಸ್ಸಿನಲ್ಲೇ ಬ್ಲಾಕ್ ಮಾಡಿದೆ. ಅಗ್ಗದ ಸ್ಮಾರ್ಟ್ ಪ್ಲಗ್ಗುಗಳ ಒಳಗಿನ ಚಿಪ್ಪು ತನ್ನ ಹೆಸರನ್ನು ಹಾಗೆ ಹೇಳಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತು? ಅದು ನಮ್ಮ ಗೀಸರಿನದು. ಊರಿಂದ ಬಂದಿದ್ದ ಮಾವನವರು ಸೋಪು ಹಚ್ಚಿಕೊಂಡು ನಿಂತಿದ್ದರಂತೆ.

ಇಷ್ಟೆಲ್ಲ ಆದರೂ ಅಡ್ಮಿನ್ ಅಡ್ಮಿನ್ನೇ. ಒಂದು ಮಧ್ಯಾಹ್ನ ಅತ್ತೆಯವರ ಸೀರಿಯಲ್ ಸುತ್ತುತ್ತಾ ನಿಂತಿತು. ಕಸ್ಟಮರ್ ಕೇರಿಗೆ ಫೋನ್ ಮಾಡಿ, ದೊಡ್ಡ ದನಿಯಲ್ಲಿ 'ನಾನು ಅಡ್ಮಿನ್ ಮಾತಾಡೋದು' ಅಂದೆ. ಆ ಹುಡುಗಿ ಬೆಚ್ಚಲಿಲ್ಲ. 'ಸಾರ್, ನಿಮ್ಮ ಸಿಗ್ನಲ್ ಬೆಳಿಗ್ಗೆ ಮೈನಸ್ 85 ಇತ್ತು, ಈಗ ಮೈನಸ್ 112. ತಾರಸಿಲಿ ಡಬ್ಬದ ಮುಂದೆ ಬಟ್ಟೆ ಏನಾದ್ರೂ ಒಣಗಿಹಾಕಿದ್ದೀರಾ?' ಕಂಪನಿಯವರು ಎಲ್ಲೋ ಕೂತು ನಮ್ಮ ರೂಟರನ್ನು ತಪಾಸಣೆ ಮಾಡಲಿಕ್ಕೆ, ರೀಬೂಟ್ ಮಾಡಲಿಕ್ಕೆ ಟಿಆರ್-069 ಎಂಬ ವ್ಯವಸ್ಥೆ 2004ರಿಂದಲೇ ಇದೆಯಂತೆ. ಅಂದರೆ ನನಗಿಂತ ಮೇಲೆ ಇನ್ನೊಬ್ಬ ಅಡ್ಮಿನ್!

ಬಟ್ಟೆ ಇತ್ತು. ಕಂಬ ಸುಮ್ಮನೆ ನಿಂತಿದೆಯಲ್ಲ ಎಂದು ನನ್ನವಳು ಹಗ್ಗ ಕಟ್ಟಿ ಒದ್ದೆ ರಗ್ಗು ಹರವಿದ್ದಳು. ನೀರು ಕುಡಿದ ರಗ್ಗು ದಾಟಿ ಬರುವಷ್ಟು ಶಕ್ತಿ ಪಾಪ ಆ ಸಿಗ್ನಲ್‌ಗೆ ಇರಲಿಲ್ಲ. 'ತೆಗಿ' ಅಂದೆ. 'ಬಿಸಿಲು ಬೀಳೋದೇ ಅಲ್ಲಿ' ಅಂದಳು. ವಿಚಾರಣೆ ಅಲ್ಲಿಗೆ ಮುಗಿಯಿತು.

ಈಗ ನನಗೆ ಕಾಯಂ ಕೆಲಸ ಸಿಕ್ಕಿದೆ. ಆಫೀಸಿನಿಂದಲೇ ಆ್ಯಪ್‌ನಲ್ಲಿ ಸಿಗ್ನಲ್ ಕಾಯುತ್ತೇನೆ. ಮೈನಸ್ 110, 102, 94... 85 ಮುಟ್ಟಿದ ತಕ್ಷಣ ಮನೆಗೆ ಫೋನ್: 'ರಗ್ಗು ಒಣಗಿತು ಕಣೇ.'

'ಗೊತ್ತಾಯ್ತು,' ಅಂದಳು ನಿನ್ನೆ. 'ಮಡಚಿಡೋದೂ ಅಲ್ಲಿಂದ್ಲೇ ಆಗುತ್ತಾ, ಇಲ್ಲಾ ನೀವೇ ಬರ್ತೀರಾ?'